ಅವ್ವನ ನಡು ಒಮ್ಮೆ ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳೇ, ನಿಮ್ಮ ಅವ್ವ, ಆಯಿ ಬಾಯಿಬಿಟ್ಟು ಹೇಳದ ಮಾತೊಂದನ್ನು ನಾನು ಹೇಳುತ್ತೇನೆ. ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಅವರ ನಡುವಿನ ಸುತ್ತ ಒಂದು ಕಪ್ಪು ಗೆರೆ ಬಿದ್ದಿರುತ್ತದೆ. ಹತ್ತಿ ಬಿಡಿಸುವಾಗ ಉಡಿ ತುಂಬಿದಷ್ಟೂ ಭಾರ ಆ ಲಾಡಿಗೇ. ಬೆವರು, ಧೂಳು ಅಲ್ಲೇ ಕೂತು ತುರಿಕೆ ಏಳುತ್ತದೆ, ಚರ್ಮ ಸುಲಿಯುತ್ತದೆ. ಬಹಳ ಮಂದಿಗೆ ಅದು ಅಷ್ಟಕ್ಕೇ ನಿಲ್ಲುತ್ತದೆ. ಅಪರೂಪಕ್ಕೆ ಕೆಲವರಿಗೆ, ವರ್ಷಗಟ್ಟಲೆ ಉಜ್ಜಿದ ಜಾಗ ಹುಣ್ಣಾಗಿ, ಹುಣ್ಣು ಕ್ಯಾನ್ಸರಿಗೆ ತಿರುಗುತ್ತದೆ.

ಧೋತರ ಬಿಗಿದು ಉಡುವವರ ಸೊಂಟದ ಕ್ಯಾನ್ಸರ್ ಬಗ್ಗೆ ಮುಂಬೈಯ ಸಂಶೋಧಕರಾದ ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಬರೆದಿದ್ದರು. 2024ರಲ್ಲಿ ವರ್ಧಾ ಮತ್ತು ಬಿಹಾರದ ವೈದ್ಯರು ಸೀರೆ ಉಡುವ ಇಬ್ಬರು ವಯಸ್ಸಾದ ಹೆಣ್ಣುಮಕ್ಕಳ ಇಂಥದೇ ಹುಣ್ಣಿನ ವರದಿ ಕೊಟ್ಟರು. ಒಬ್ಬರಿಗೆ ಅದು ತೊಡೆಸಂದಿನ ಗಂಟಿಗೂ ಇಳಿದಿತ್ತು. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಹೆಚ್ಚು; ನಮ್ಮಂಥವರು ಕಣ್ಣಿಡಬೇಕಾದದ್ದು ಹಳೆಯ ಸುಟ್ಟ ಕಲೆ, ಮಾಯದ ಗಾಯ, ಬಟ್ಟೆ ಉಜ್ಜುವ ಜಾಗದ ಮೇಲೆ.

ತಂಗೆವ್ವಾ, ಅವ್ವನಿಗೆ ತಲೆ ಎರೆಯುವಾಗ ನೋಡಿಬಿಡು. ತಿಂಗಳಾದರೂ ಮಾಯದ ಹುಣ್ಣು, ಗಟ್ಟಿಯಾಗಿ ಮೇಲೆದ್ದ ಅಂಚು, ಮುಟ್ಟಿದರೆ ರಕ್ತ, ಕೆಟ್ಟ ವಾಸನೆ ಇದ್ದರೆ ಅರಿಸಿನ ಹಚ್ಚುತ್ತ ಕೂಡಬೇಡ. ನೋವಿಲ್ಲವೆಂದು ಆಕೆ ತಳ್ಳಿಹಾಕುತ್ತಾಳೆ, ಕೇಳಬೇಡ. ತಮ್ಮಾ, ನಾಚಿಕೆ ಬದಿಗಿಟ್ಟು ಮರುದಿನವೇ ಬೈಕು ತೆಗೆ, ವಿಜಯಪುರದ ಜಿಲ್ಲಾ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸು.

ಅಲ್ಲಿ ಹುಣ್ಣಿನ ಅಂಚಿನಿಂದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕತ್ತರಿ ಮುಟ್ಟಿಸಿದರೆ ಹಬ್ಬುತ್ತದೆ ಎಂದು ಓಣಿಯಲ್ಲಿ ಯಾರಾದರೂ ಹೆದರಿಸಿಯೇ ಹೆದರಿಸುತ್ತಾರೆ. ಅದು ಸುಳ್ಳು. ಹಬ್ಬುವುದು ತಡ ಮಾಡಿದ್ದಕ್ಕೆ. ಬೇಗ ಸಿಕ್ಕರೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದ ಜೊತೆಗೆ ಹುಣ್ಣನ್ನು ಕೊರೆದು ತೆಗೆಯುತ್ತಾರೆ; ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಗಾಯ ದೊಡ್ಡದಾದರೆ ತೊಡೆಯ ಚರ್ಮ ತಂದು ಕೂಡಿಸುತ್ತಾರೆ. ಮುಂದಿನ ಚಿಕಿತ್ಸೆ ಬೇಕೆಂದರೆ ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ. ಬಿಪಿಎಲ್ ಕಾರ್ಡು ಜೊತೆಗಿರಲಿ. ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ.

ಗೆರೆ ಬರೀ ಗೆರೆಯಾಗಿದ್ದಾಗಲೇ ಮಾಡುವ ಕೆಲಸ ಇನ್ನೂ ಸುಲಭ. ಟೇಲರ್ ಹತ್ತಿರ ಹೋಗಿ ಲಾಡಿಯ ಬದಲು ಮೂರು ಬೆರಳಗಲದ ಮೆತ್ತನೆಯ ಪಟ್ಟಿ ಹೊಲಿಸಿಕೊಡಿ. ಒಂದು ದಿನ ಮೇಲೆ, ಒಂದು ದಿನ ಕೆಳಗೆ ಕಟ್ಟಲಿ. ಹೊಲದಿಂದ ಬಂದ ಮೇಲೆ ನಡು ತೊಳೆದು ಒರೆಸಿಕೊಳ್ಳಲಿ, ರಾತ್ರಿ ಮಲಗುವಾಗ ಪಟ್ಟಿ ಸಡಿಲಿಸಲಿ.