ಹಳೆ ಫೋನಿಗೆ ಏನು ಬೇಕೋ ಅಷ್ಟನ್ನೇ ಕೊಡಿಸಿ

ಫೋನಿಗೆ ಮೂರು ವರ್ಷ ತುಂಬಿತೋ ಇಲ್ಲವೋ, ‘ಇದರ ಕಥೆ ಮುಗೀತು, ಹೊಸದು ತಗೋಬೇಕು’ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಸ್ವಲ್ಪ ತಾಳಿ. ಗ್ಯಾಸ್ಕೆಟ್ ಸಡಿಲವಾಯಿತೆಂದು ಯಾರೂ ಕುಕ್ಕರನ್ನೇ ಬಿಸಾಡುವುದಿಲ್ಲ. ಫೋನಿನಲ್ಲೂ ಸಾಮಾನ್ಯವಾಗಿ ಸೋತಿರುವುದು ಯಾವುದೋ ಒಂದು ಭಾಗ. ಬ್ಯಾಟರಿ ಇರಬಹುದು, ಚಾರ್ಜಿಂಗ್ ಪಿನ್ ಇರಬಹುದು, ಸ್ಪೀಕರ್ ಇರಬಹುದು, ಇಲ್ಲವೇ ಫೋಟೋ ಇಡಲು ಜಾಗವಿಲ್ಲದಿರಬಹುದು. ಯಾವುದು ಸೋತಿದೆ ಎಂದು ಕಂಡುಕೊಂಡರೆ ಕೆಲವು ನೂರು ರೂಪಾಯಿಯ ಸಾಮಾನಿನಲ್ಲಿ ಇನ್ನೂ ಒಂದೆರಡು ವರ್ಷ ನೆಮ್ಮದಿಯಾಗಿ ದೂಡಬಹುದು. ಇದೆಲ್ಲ ನಿಮಗೆ ಗೊತ್ತಿಲ್ಲವೆಂದಲ್ಲ, ಅವಸರದಲ್ಲಿ ಮರೆತುಬಿಡುತ್ತೀರಿ. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ, ಕೇಳಿ.

ಅಂಗಡಿಗೆ ಹೋಗುವ ಮೊದಲು

• ‘ಚಾರ್ಜ್ ಆಗ್ತಿಲ್ಲ’ ಎಂದು ಹೊಸ ಕೇಬಲ್ ತರುವ ಮುನ್ನ ಚಾರ್ಜಿಂಗ್ ಪಿನ್ ಇರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಪ್ಯಾಂಟಿನ ಜೇಬಿನ ನೂಲು, ಬ್ಯಾಗಿನ ಧೂಳು ಅಲ್ಲಿ ಸೇರಿಕೊಂಡು ಕೇಬಲ್ ಪೂರ್ತಿ ಒಳಗೆ ಕೂರುವುದೇ ಇಲ್ಲ. ಫೋನ್ ಆಫ್ ಮಾಡಿ, ಹಲ್ಲುಕಡ್ಡಿಯ ತುದಿಯನ್ನು ಒಂದು ಬದಿಯ ಗೋಡೆಗೆ ತಾಗಿಸಿ ಮೆಲ್ಲಗೆ ಹೊರಕ್ಕೆ ಎಳೆಯಿರಿ. ಒತ್ತಿ ಒತ್ತಿ ಗಟ್ಟಿಯಾದ ಬೂದು ಬಣ್ಣದ ನೂಲಿನ ಗಂಟು ಹೊರಬರುತ್ತದೆ. ಆಮೇಲೆ ಕೇಬಲ್ ಹಾಕಿದರೆ ‘ಟಕ್’ ಎಂದು ಕೂರುತ್ತದೆ. ಪಿನ್ನು, ಸೂಜಿ ಮಾತ್ರ ಹಾಕಬೇಡಿ, ಒಳಗಿನ ಲೋಹದ ಎಳೆಗಳು ಬಾಗಿಬಿಡುತ್ತವೆ.

• ದನಿ ಸಣ್ಣದಾಗಿದ್ದರೆ ಸ್ಪೀಕರ್ ಹೋಯಿತೆಂದು ತೀರ್ಮಾನಿಸಬೇಡಿ. ಮೆತ್ತನೆಯ ಒಣ ಟೂತ್ ಬ್ರಷ್ಷಿನಿಂದ ಜಾಲರಿಯನ್ನು ಸವರಿ. ಬೆವರು, ಪೌಡರು, ಅಡುಗೆಮನೆಯ ಜಿಡ್ಡು ಅಲ್ಲಿ ಮೆತ್ತಿಕೊಂಡಿರುತ್ತದೆ.

• ಫೋಟೋ ಮಂಜಾಗಿ ಬಂದರೆ ಕ್ಯಾಮೆರಾದ ಗಾಜನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ. ಬೆರಳಿನ ಎಣ್ಣೆ ಇದ್ದರೆ ಎಂಥ ಕ್ಯಾಮೆರಾವೂ ಮಂಕಾಗುತ್ತದೆ.

• ಏನೇ ಕೊಳ್ಳಲು ಹೋದರೂ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮ ಊರಿನ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಾಗಲಿ, ಹಾಕಿ ನೋಡಿ ಸರಿ ಕಂಡ ಮೇಲೆಯೇ ದುಡ್ಡು ಕೊಡಿ. ಹಳೆ ಮಾದರಿಗೆ ಹೊಂದದ ಸಾಮಾನು ಮನೆಗೆ ಬಂದರೆ ಡ್ರಾಯರಿನಲ್ಲೇ ಉಳಿಯುತ್ತದೆ.

ಚಾರ್ಜು, ಬ್ಯಾಟರಿ

• ಬೆಳಿಗ್ಗೆ ತುಂಬಿಸಿದ ಚಾರ್ಜ್ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿದ್ದರೆ ಬ್ಯಾಟರಿ ಬದಲಾಯಿಸುವುದನ್ನು ಮೊದಲು ಯೋಚಿಸಿ. ಲಿಥಿಯಂ ಬ್ಯಾಟರಿ ಸುಮಾರು 500 ಸಲ ಪೂರ್ತಿ ತುಂಬಿ ಖಾಲಿಯಾಗುವಷ್ಟರಲ್ಲಿ ಮೊದಲಿನ ಶಕ್ತಿಯ ಶೇಕಡಾ 80ರಷ್ಟಕ್ಕೆ ಇಳಿಯುವುದು ಅದರ ಗುಣ. ಬ್ಯಾಟರಿ ಹಾಕಿಸಿದಾಗ ಬಿಲ್ ಕೇಳಿ, ವಾರಂಟಿ ಎಷ್ಟು ತಿಂಗಳೆಂದು ಅದರ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿ ಅಂಗಡಿ ಬಾಗಿಲು ದಾಟಿದರೆ ನಿಲ್ಲುವುದಿಲ್ಲ.

• ಪರದೆಯ ಅಂಚು ಮೇಲೆದ್ದಿದ್ದರೆ, ಹಿಂಬದಿ ಉಬ್ಬಿದ್ದರೆ ಆ ಕ್ಷಣವೇ ಚಾರ್ಜ್ ಹಾಕುವುದನ್ನು ನಿಲ್ಲಿಸಿ. ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಒತ್ತಿ ಒಳಗೆ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ. ನೇರ ರಿಪೇರಿಯವರ ಹತ್ತಿರ ಒಯ್ಯಿರಿ.

• ಊರೂರು ತಿರುಗುವವರು ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ, 10000 ಎಂಎಎಚ್‌ನದು ಧಾರಾಳವಾಯಿತು. ಆದರೆ ಡಬ್ಬಿಯ ಮೇಲಿನ ಆ ಸಂಖ್ಯೆಯಷ್ಟೂ ನಿಮ್ಮ ಫೋನಿಗೆ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಒಳಗಿನ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗಲೇ ಒಂದಿಷ್ಟು ಕರಗುತ್ತದೆ. 4000 ಎಂಎಎಚ್ ಫೋನಾದರೆ ಒಂದೂವರೆ ಸಲ ತುಂಬಿದರೆ ತೃಪ್ತಿಪಟ್ಟುಕೊಳ್ಳಿ.

• ವಿಮಾನದಲ್ಲಿ ಹೋಗುವಾಗ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಕೊಡುವ ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟರೆ ಅದನ್ನು ತೆಗೆಸಿಯೇ ಬಿಡುತ್ತಾರೆ.

• ಚಾರ್ಜರ್, ಪವರ್ ಬ್ಯಾಂಕ್ ಎರಡರ ಮೇಲೂ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅನುಮಾನ ಬಂದರೆ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ, ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ರಸ್ತೆಬದಿಯಲ್ಲಿ ನೂರು ರೂಪಾಯಿ ಉಳಿಸಿ ಮನೆಯ ಸ್ವಿಚ್ ಬೋರ್ಡ್ ಸುಟ್ಟುಕೊಳ್ಳಬೇಡಿ.

• ಹಳೆ ಫೋನಿಗೆ 65 ವಾಟ್ ಚಾರ್ಜರ್ ತಂದು ‘ಬೇಗ ಆಗಲಿ’ ಎಂದು ಕಾಯಬೇಡಿ. ಫೋನು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ಉಳಿದದ್ದಕ್ಕೆ ನೀವು ಕೊಟ್ಟ ದುಡ್ಡು ದಂಡ. ಅದರ ಬದಲು ಒಂದು ಮೀಟರಿನ ದಪ್ಪನೆಯ ಒಳ್ಳೆ ಕೇಬಲ್ ಕೊಳ್ಳಿ. ಕೀಳುವಾಗ ವೈರು ಹಿಡಿದು ಜಗ್ಗಬೇಡಿ, ತಲೆ ಹಿಡಿದು ಕೀಳಿ. ಕೇಬಲ್ ಸಾಯುವುದು ಹೆಚ್ಚಾಗಿ ಕುತ್ತಿಗೆಯಲ್ಲೇ.

• ಪಿನ್ ತೀರಾ ಸಡಿಲವಾಗಿದ್ದು ರಿಪೇರಿಗೆ ಮನಸ್ಸಿಲ್ಲದಿದ್ದರೆ ವೈರ್‌ಲೆಸ್ ಚಾರ್ಜಿಂಗಿನ ತೆಳು ರಿಸೀವರ್ ಪಟ್ಟಿ ಸಿಗುತ್ತದೆ. ಅದನ್ನು ಒಮ್ಮೆ ಚುಚ್ಚಿ ಬ್ಯಾಕ್ ಕವರಿನೊಳಗೆ ಮಡಚಿಟ್ಟರೆ ದಿನಾ ಕೇಬಲ್ ಹಾಕಿ ತೆಗೆಯುವುದು ತಪ್ಪುತ್ತದೆ. ಚಾರ್ಜ್ ನಿಧಾನ, ಸ್ವಲ್ಪ ಬಿಸಿಯೂ ಆಗುತ್ತದೆ. ಹಾಗಾಗಿ ಫ್ಯಾನಿನ ಗಾಳಿ ಬೀಳುವ ಕಡೆ ಇಡಿ, ದಿಂಬಿನಡಿ ಬೇಡವೇ ಬೇಡ.

ಜಾಗ ಸಾಲದಿದ್ದರೆ

• ಮೊದಲು ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು, ಹೆಚ್ಚು ಜಾಗ ತಿನ್ನುವ ಗುಂಪುಗಳನ್ನು ನೋಡಿ. ಶುಭೋದಯದ ಹೂವು, ಹಬ್ಬದ ವಿಡಿಯೊ, ಒಂದೇ ಭಾಷಣ ನಾಲ್ಕು ಕಡೆಯಿಂದ ಬಂದದ್ದು ಎಲ್ಲ ಅಲ್ಲೇ ಇರುತ್ತವೆ. ಅಳಿಸಿ, ಜೊತೆಗೆ ಆಟೊ ಡೌನ್‌ಲೋಡ್ ನಿಲ್ಲಿಸಿ. ಇಲ್ಲದಿದ್ದರೆ ಬರುವ ತಿಂಗಳು ಮತ್ತೆ ಇದೇ ಕೆಲಸ.

• ಮೆಮೊರಿ ಕಾರ್ಡ್ ಹಾಕಲು ಜಾಗವಿದ್ದರೆ, ನಿಮ್ಮ ಮಾದರಿ ಎಷ್ಟು ಜಿಬಿವರೆಗೆ ಓದುತ್ತದೆ ಎಂದು ತಿಳಿದುಕೊಂಡು ಕೊಳ್ಳಿ. ಕೆಲವು ಹಳೆ ಫೋನುಗಳು 32 ಜಿಬಿ ದಾಟಿದರೆ ಒಪ್ಪುವುದಿಲ್ಲ. ವಿಡಿಯೊ ತೆಗೆಯುವವರು ‘ಕ್ಲಾಸ್ 10’ ಎಂದಿರುವುದನ್ನೇ ಕೇಳಿ, ನಿಧಾನದ ಕಾರ್ಡಿನಲ್ಲಿ ವಿಡಿಯೊ ನಡುವೆಯೇ ನಿಲ್ಲುತ್ತದೆ.

• ‘512 ಜಿಬಿ, ಅತಿ ಅಗ್ಗ’ ಎಂದರೆ ಕೈ ಹಾಕಬೇಡಿ. ನಕಲಿ ಕಾರ್ಡು ದೊಡ್ಡ ಸಂಖ್ಯೆ ತೋರಿಸುತ್ತದೆ, ತುಂಬಿಸುತ್ತಾ ಹೋದರೆ ಹಳೆಯ ಫೋಟೋಗಳನ್ನು ನುಂಗುತ್ತದೆ. ಕೊಂಡ ವಾರವೇ ಬೇರೆಡೆಯೂ ಇರುವ ವಿಡಿಯೊಗಳನ್ನು ಪೂರ್ತಿ ತುಂಬಿ, ಒಂದೊಂದಾಗಿ ತೆರೆದು ಪರೀಕ್ಷಿಸಿ. ಬದಲಾಯಿಸಿಕೊಡುವ ದಿನ ಮೀರುವ ಮುನ್ನ ಗೊತ್ತಾಗಬೇಕು.

• ಮಗಳ ಮದುವೆ ಫೋಟೋ, ಜಮೀನಿನ ಪಹಣಿಯ ಪ್ರತಿ ಇಂಥವನ್ನು ಕಾರ್ಡ್ ಒಂದರಲ್ಲೇ ಬಿಡಬೇಡಿ. ಪೆನ್ ಡ್ರೈವಿನಲ್ಲೋ ಕಂಪ್ಯೂಟರಿನಲ್ಲೋ ಇನ್ನೊಂದು ಪ್ರತಿ ಇರಲಿ. ಕಾರ್ಡು ಹೇಳದೆ ಕೇಳದೆ ಕೆಡುತ್ತದೆ.

ಓಟಿಜಿ ಎಂಬ ಸಣ್ಣ ತುಂಡು

• ಓಟಿಜಿ ಕನೆಕ್ಟರ್ ಒಂದನ್ನು ಮನೆಯಲ್ಲಿ ಇಟ್ಟಿರಿ. ಒಂದು ಕಡೆ ಫೋನಿಗೆ, ಇನ್ನೊಂದು ಕಡೆ ಪೆನ್ ಡ್ರೈವ್, ಮೌಸ್, ಕೀಬೋರ್ಡ್ ಯಾವುದನ್ನಾದರೂ ಚುಚ್ಚಬಹುದು. ಬೆಲೆ ಸಣ್ಣದು, ಉಪಯೋಗ ದೊಡ್ಡದು. ನಿಮ್ಮದು ಮೈಕ್ರೊ ಯುಎಸ್‌ಬಿಯೋ ಟೈಪ್ ಸಿಯೋ ನೋಡಿಕೊಂಡು ಕೇಳಿ.

• ಪೆನ್ ಡ್ರೈವ್ ಹಾಕಿದರೂ ಏನೂ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಓಟಿಜಿ’ ಎಂದು ಹುಡುಕಿ ಆನ್ ಮಾಡಿ. ಕೆಲವು ಕಂಪನಿಯ ಫೋನುಗಳಲ್ಲಿ ಅದು ತಾನಾಗಿಯೇ ಆಫ್ ಆಗುತ್ತದೆ. ಅಷ್ಟಕ್ಕೇ ಕನೆಕ್ಟರ್ ಕೆಟ್ಟಿತೆಂದು ಎಸೆಯಬೇಡಿ.

• ಫೋನು ಬಿದ್ದು ಟಚ್ ಸತ್ತಿದೆ, ಆದರೆ ಪರದೆ ಬೆಳಗುತ್ತಿದೆ ಎಂದಾದರೆ ಗಾಬರಿ ಬೇಡ. ಆಂಡ್ರಾಯ್ಡ್ ಫೋನಾಗಿದ್ದರೆ ಓಟಿಜಿಗೆ ಕಂಪ್ಯೂಟರಿನ ಮೌಸ್ ಸಿಕ್ಕಿಸಿ. ಒಡೆದ ಗಾಜಿನ ನಡುವೆ ಪುಟ್ಟ ಬಾಣವೊಂದು ಮೂಡುತ್ತದೆ. ಅದನ್ನು ಒಂದೊಂದೇ ಅಂಕಿಯ ಮೇಲೆ ಒಯ್ದು ಒತ್ತಿ ಬೀಗ ತೆರೆಯಿರಿ, ಫೋಟೋ, ನಂಬರುಗಳನ್ನೆಲ್ಲ ಬೇರೆಡೆ ಕಳಿಸಿಕೊಳ್ಳಿ. ಡಿಸ್‌ಪ್ಲೇ ಹಾಕಿಸಬೇಕೋ ಬೇಡವೋ ಎಂದು ಆಮೇಲೆ ಸಮಾಧಾನದಿಂದ ಯೋಚಿಸಬಹುದು.

ಕೇಳಲು, ನೋಡಲು

• ಹಳೆ ಫೋನಿನಲ್ಲಿ ಇಯರ್‌ಫೋನಿನ ದುಂಡು ತೂತು ಇದ್ದರೆ, ಎಫ್‌ಎಂ ಆ್ಯಪ್ ಇದೆಯೇ ಎಂದೂ ನೋಡಿ. ವೈರಿನ ಇಯರ್‌ಫೋನ್ ಹಾಕಿದರೆ ಆ ವೈರೇ ಆಂಟೆನಾ, ಡೇಟಾ ಖರ್ಚಾಗುವುದಿಲ್ಲ. ಬೆಂಗಳೂರಿನಲ್ಲಿ 102.9ಕ್ಕೆ ತಿರುಗಿಸಿದರೆ ವಿವಿಧ ಭಾರತಿ. ಹೊರಗೆ ಸ್ಪೀಕರಿನಲ್ಲಿ ಕೇಳುವಾಗಲೂ ವೈರ್ ಕೀಳಬೇಡಿ, ದನಿ ಗರಗರ ಎನ್ನುತ್ತದೆ.

• ಟೈಪ್ ಸಿ ತೂತಿಗೆ ಹಳೆ ಇಯರ್‌ಫೋನ್ ಹೊಂದಿಸುವ ಕನ್ವರ್ಟರ್ ಎಲ್ಲ ಫೋನಿಗೂ ಆಗುವುದಿಲ್ಲ. ಅಂಗಡಿಯಲ್ಲೇ ಒಂದು ಹಾಡು ಕೇಳಿ, ಒಂದು ಕರೆ ಮಾಡಿ ನೋಡಿ.

• ಅಜ್ಜಿ ತಾತಂದಿರಿಗೆ ಕೇಳಿಸುವುದಿಲ್ಲವೆಂದು ಫೋನ್ ಬದಲಿಸುವ ಮುನ್ನ ಚಿಕ್ಕ ಬ್ಲೂಟೂತ್ ಸ್ಪೀಕರ್ ಕೊಡಿಸಿ. ಜೊತೆಗೆ ಅಕ್ಷರ ದೊಡ್ಡದು ಮಾಡಿಕೊಡಿ, ಅದು ಪುಕ್ಕಟೆ. ಪರದೆಯ ಮುಂದೆ ಇಡುವ ಪ್ಲಾಸ್ಟಿಕ್ ಭೂತಗನ್ನಡಿ ಕೊಳ್ಳಬೇಡಿ, ಅಕ್ಷರ ದೊಡ್ಡದಾದರೂ ಮಸುಕಾಗಿ ಕಣ್ಣು ನೋಯುತ್ತದೆ.

• ತೋಟ, ಗದ್ದೆ ಇರುವವರು ಕ್ಲಿಪ್ ಹಾಕಿ ಕೂರಿಸುವ ಮ್ಯಾಕ್ರೊ ಲೆನ್ಸ್ ಕೊಂಡರೆ ನಷ್ಟವಿಲ್ಲ. ಎಲೆಯಡಿಯ ನುಸಿ, ಹೇನು ಸ್ಪಷ್ಟವಾಗಿ ಕಾಣುತ್ತವೆ. ಆ ಫೋಟೋವನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದರೆ ಔಷಧಿ ಕೇಳುವುದು ಸುಲಭ. ದೂರದ್ದನ್ನು ಹತ್ತಿರ ತರುವ ಅಗ್ಗದ ಲೆನ್ಸ್ ಮಾತ್ರ ಬೇಡ, ಚಿತ್ರ ಕಪ್ಪಾಗಿ ಅಲುಗುತ್ತದೆ.

ಬೀಳುವುದು, ನೆನೆಯುವುದು, ಕಾಯುವುದು

• ಬ್ಯಾಕ್ ಕವರ್ ಕೊಳ್ಳುವಾಗ ಅಂದ ಆಮೇಲೆ ನೋಡಿ, ಅಂಚು ಮೊದಲು ನೋಡಿ. ಪರದೆಗಿಂತ ಕೂದಲೆಳೆಯಷ್ಟು ಎತ್ತರ ಇರಬೇಕು. ಆಗ ಬೋರಲು ಬಿದ್ದರೂ ನೆಲಕ್ಕೆ ಮೊದಲು ತಾಗುವುದು ಕವರು. ಟೆಂಪರ್ಡ್ ಗ್ಲಾಸ್ ಬಿರುಕು ಬಿಟ್ಟರೆ ತಡಮಾಡದೆ ಬದಲಾಯಿಸಿ, ಇನ್ನೊಂದು ಏಟು ತಡೆಯುವ ಶಕ್ತಿ ಅದಕ್ಕಿಲ್ಲ.

• ಮಲೆನಾಡು, ಕರಾವಳಿಯವರು ಮಳೆಗಾಲ ಶುರುವಾಗುವ ಮೊದಲೇ ಬಾಯಿ ಬಿಗಿಯುವ ವಾಟರ್‌ಪ್ರೂಫ್ ಪೌಚ್ ತಂದಿಡಿ. ‘ನಮ್ಮದು ನೀರು ತಡೆಯುವ ಫೋನು’ ಎಂಬ ಧೈರ್ಯ ಹಳತಾದ ಮೇಲೆ ಬೇಡ, ಒಳಗಿನ ಅಂಟು ಸವೆದಿರುತ್ತದೆ. ಒಮ್ಮೆ ರಿಪೇರಿಗೆ ಬಿಚ್ಚಿದ್ದರಂತೂ ಸರಿಯೇ ಸರಿ.

• ಒದ್ದೆಯಾದರೆ ಆಫ್ ಮಾಡಿ, ಒರೆಸಿ, ಗಾಳಿಗೆ ಇಡಿ, ಪೂರ್ತಿ ಒಣಗುವವರೆಗೆ ಚಾರ್ಜ್ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಅಭ್ಯಾಸ ಬಿಡಿ. ಅಕ್ಕಿಯ ನುಚ್ಚು ಒಳಗೆ ಸೇರಿ ಕೆಡಿಸಬಹುದೆಂದು ಆಪಲ್ ಕಂಪನಿಯೇ ಹೇಳಿದೆ.

• ರಾಯಚೂರು, ಕಲಬುರಗಿ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಫೋನನ್ನಾಗಲಿ ಪವರ್ ಬ್ಯಾಂಕನ್ನಾಗಲಿ ಬಿಟ್ಟು ಹೋಗಬೇಡಿ. ಚಾರ್ಜಿಗೆ ಹಾಕಿದಾಗ ಬಿಸಿ ಎನಿಸಿದರೆ ಕವರ್ ಕಳಚಿ ಇಡಿ. ಬ್ಯಾಟರಿಯನ್ನು ಬಳಕೆಗಿಂತ ಬೇಗ ತಿನ್ನುವುದು ಸೆಕೆ.

ಎರಡನೇ ಫೋನಾಗಿ ಉಳಿದರೆ

• ಸ್ಕೂಟರಿನ ಹ್ಯಾಂಡಲ್‌ಗೆ ಹೋಲ್ಡರ್ ಹಾಕಿಸಿ ದಾರಿ ನೋಡುವವರು ಹೊಸ ಫೋನನ್ನು ಅದರಲ್ಲಿ ಇಡಬೇಡಿ, ಹಳೆಯದನ್ನು ಇಡಿ. ಬೈಕಿನ ಎಂಜಿನ್ನಿನ ಕಂಪನ ಕ್ಯಾಮೆರಾದ ಸೂಕ್ಷ್ಮ ಭಾಗಗಳನ್ನು ಕೆಡಿಸಬಹುದು ಎಂದು 2021ರಲ್ಲೇ ಆಪಲ್ ಎಚ್ಚರಿಸಿದೆ. ಮನೆಯ ವೈಫೈನಲ್ಲಿ ಮ್ಯಾಪನ್ನು ಮೊದಲೇ ಇಳಿಸಿಕೊಂಡರೆ ಹಳೆಯದಕ್ಕೆ ಸಿಮ್ ಕೂಡ ಬೇಕಿಲ್ಲ.

• ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ತಾರೀಖು ನೋಡಿ. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದರೆ ಆ ಫೋನಿನಿಂದ ಬ್ಯಾಂಕು, ಯುಪಿಐ ಆ್ಯಪ್‌ಗಳನ್ನು ತೆಗೆದುಬಿಡಿ. ಹಾಡು, ರೇಡಿಯೊ, ಅಲಾರಂ, ಮಕ್ಕಳ ಪಾಠ ಧಾರಾಳವಾಗಿ ನಡೆಯಲಿ. ದುಡ್ಡಿನ ವ್ಯವಹಾರದಲ್ಲಿ ಮಾತ್ರ ಜಿಪುಣತನ ಬೇಡ.

• ಬ್ಯಾಟರಿ, ಪಿನ್, ಡಿಸ್‌ಪ್ಲೇ ಎಲ್ಲ ಸೇರಿ ಖರ್ಚು ಅಂಥದೇ ಬೇರೊಂದು ಫೋನಿನ ಬೆಲೆಯ ಅರ್ಧ ದಾಟಿದರೆ ಅಲ್ಲಿಗೆ ನಿಲ್ಲಿಸಿ. ಒಳಗಿನದನ್ನೆಲ್ಲ ಅಳಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ, ಕಸದ ಗಾಡಿಯಲ್ಲಿ ಒತ್ತಿಹೋದ ಬ್ಯಾಟರಿ ಹೊತ್ತಿಕೊಂಡರೆ ಸುಟ್ಟುಕೊಳ್ಳುವುದು ಪೌರಕಾರ್ಮಿಕರ ಕೈ.

ಇಷ್ಟು ಓದಿ ಪಟ್ಟಿ ಹಿಡಿದು ಎಲ್ಲವನ್ನೂ ಒಟ್ಟಿಗೆ ತಂದುಬಿಡಬೇಡಿ ಮತ್ತೆ. ಈ ಭಾನುವಾರ ಮೂರು ಕೆಲಸ ಮಾಡಿ: ಚಾರ್ಜಿಂಗ್ ಗುಂಡಿ ಸ್ವಚ್ಛ ಮಾಡಿ, ವಾಟ್ಸ್‌ಆ್ಯಪ್‌ನ ಕಸ ಅಳಿಸಿ, ಮುಖ್ಯವಾದ ಫೋಟೋಗಳನ್ನು ಇನ್ನೊಂದು ಕಡೆ ಇಳಿಸಿ. ಮೂರಕ್ಕೂ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಆಮೇಲೆ ಒಂದು ವಾರ ಬಳಸಿ ನೋಡಿ. ಆಗಲೂ ಯಾವುದು ಕಾಡುತ್ತದೋ ಅದೊಂದರ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ಅದೊಂದನ್ನೇ ತನ್ನಿ.