ರಸ್ತೆಗೂ ಹೊಲದ ದಾರಿಗೂ ಒಂದೇ ಮೋಟಾರ್ ಸೈಕಲ್



ಉಳುಮೆಗೂ ಗಾಡಿಗೂ ಒಂದೇ ಜೊತೆ ಎತ್ತು ಕಟ್ಟುವುದು ನಮ್ಮಲ್ಲಿ ವಾಡಿಕೆ. ಹಾಗೆಯೇ ಟಾರು ರಸ್ತೆಗೂ ಕಲ್ಲುಮಣ್ಣಿನ ದಾರಿಗೂ ಒದಗುವ ಮೋಟಾರ್ ಸೈಕಲುಗಳಿವೆ. ಇವು ನೆಲದಿಂದ ಹೆಚ್ಚು ಎತ್ತರದಲ್ಲಿರುತ್ತವೆ. ಟೈರಿನ ಹಲ್ಲುಗಳು ಒರಟಾಗಿರುತ್ತವೆ. ಹಳ್ಳ ದಿಣ್ಣೆಗಳ ಪೆಟ್ಟನ್ನು ತಾಳುವಂತೆ ಶಾಕ್ ಅಬ್ಸಾರ್ಬರುಗಳು ಹೆಚ್ಚು ಕುಗ್ಗಿ ಹಿಗ್ಗುತ್ತವೆ. 1968ರಲ್ಲಿ ಜಪಾನಿನ ಯಮಾಹಾ ಕಂಪನಿ ಮಾರಾಟಕ್ಕೆ ತಂದ ಡಿಟಿ-1 ಈ ಬಗೆಯನ್ನು ಜನಪ್ರಿಯಗೊಳಿಸಿತು.

ನಮ್ಮ ನಾಡಿನ ಕಥೆ ಮೈಸೂರಿನದು. ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯ ದೇಶದಲ್ಲಿ. ಸ್ಥಾಪಕ ಯಾನೆಚೆಕ್ ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿ, ಈ ಎರಡು ಹೆಸರುಗಳ ಮೊದಲಕ್ಷರಗಳು ಸೇರಿ ಆ ಹೆಸರಾಯಿತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಈ ಗಾಡಿಯನ್ನು ಇಲ್ಲಿಯೇ ತಯಾರಿಸತೊಡಗಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಗಾಡಿ ರಸ್ತೆಗೆಂದೇ ಮಾಡಿದ್ದು. ಗಟ್ಟಿತನದಿಂದ ಹಳ್ಳಿಯ ದಾರಿಯಲ್ಲೂ ದುಡಿಯಿತು. 2022ರಲ್ಲಿ ಯೆಜ್ಡಿ ಹೆಸರು ಮರಳಿದಾಗ ಎರಡೂ ಬಗೆಯ ದಾರಿಗೆಂದೇ ರೂಪಿಸಿದ ಅಡ್ವೆಂಚರ್ ಮಾದರಿಯೂ ಜೊತೆಗೆ ಬಂತು. ಹಳೆಯ ಜಾವಾ, ಯೆಜ್ಡಿಗಳು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳಲ್ಲಿ ಇಂದಿಗೂ ಕಾಣಸಿಗುತ್ತವೆ.

ಹಳೆಯ ಗಾಡಿಯ ಒಂದು ಜಾಣ್ಮೆ ನೋಡಿ: ಸ್ಟಾರ್ಟ್ ಮಾಡುವ ಕಿಕ್ಕರೇ ಗೇರು ಹಾಕುವ ಸಲಾಕೆಯೂ ಹೌದು. ಅದನ್ನು ಒತ್ತಿ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಿಸಿದರೆ ಗೇರು.

ಇಂತಹ ಗಾಡಿ ನಿಮ್ಮ ಮನೆಯಲ್ಲಿದ್ದರೆ ಒಂದು ಮಾತನ್ನು ಮರೆಯಬಾರದು. ಇದು ಟೂ-ಸ್ಟ್ರೋಕ್ ಇಂಜಿನ್. ಪಿಸ್ಟನ್ನಿಗೆ ಜಿಡ್ಡು ದೊರೆಯುವುದು ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದ ಮಾತ್ರ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಕಾದು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಓಡುತ್ತಿರುವಾಗಲೇ ಹಿಂದಿನ ಚಕ್ರ ಹಿಡಿದುಕೊಂಡು ಸವಾರ ಬೀಳಬಹುದು. ಉದ್ದನೆಯ ಇಳಿಜಾರಿನಲ್ಲಿಯೂ ಈ ಅಪಾಯವಿದೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿದಾಗ ಪೆಟ್ರೋಲಿನೊಡನೆ ಎಣ್ಣೆಯೂ ಇಂಜಿನ್ನಿಗೆ ಹೋಗುವುದು ಕಡಿಮೆಯಾಗುತ್ತದೆ. ಆದುದರಿಂದ ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ. ವೇಗ ತಗ್ಗಿಸಲು ಎರಡೂ ಬ್ರೇಕುಗಳನ್ನು ಬಳಸಿರಿ.

ಎಣ್ಣೆಯ ಪ್ರಮಾಣವನ್ನು ಅಂದಾಜಿಗೆ ಬಿಡದೆ ಗಾಡಿಯ ಪುಸ್ತಕ ನೋಡಿ ಅಥವಾ ತಿಳಿದ ಮೆಕ್ಯಾನಿಕ್‌ನನ್ನು ಕೇಳಿ ಅಳೆದೇ ಹಾಕಿರಿ. ಎತ್ತಿಗೆ ಮೇವು ನೀರು ಹೇಗೋ ಈ ಗಾಡಿಗೆ ಎಣ್ಣೆ ಹಾಗೆ. ಮಗನ ಕೈಗೆ ಗಾಡಿ ಕೊಡುವ ಮುನ್ನ ಇದಿಷ್ಟನ್ನೂ ಅವನಿಗೆ ಹೇಳಿಕೊಡಿರಿ.