ಅಮೃತಮಹಲ್ ಗೋತಳಿ: ಲಕ್ಷಣ, ಸ್ವಭಾವ, ಪರಂಪರೆ

1. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಅರಮನೆಯ ಗೋವಿಭಾಗಕ್ಕೆ ‘ಅಮೃತಮಹಲ್’ ಎಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನ್. ಸೈನ್ಯದ ಫಿರಂಗಿ ಹಾಗೂ ಸರಂಜಾಮು ಎಳೆಯುವುದೇ ಈ ತಳಿಯ ಮುಖ್ಯ ಕೆಲಸವಾಗಿತ್ತು.

2. ಬೂದು ಮೈಬಣ್ಣ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಚೂಪಾದ ಉದ್ದ ಕೊಂಬು, ಕಿರಿದಾದ ಮುಖ ಇದರ ಗುರುತು. ವೇಗ ಮತ್ತು ತಾಳಿಕೆಗೆ ಹೆಸರಾದರೂ ಅಪರಿಚಿತರನ್ನು ಹತ್ತಿರ ಸೇರಿಸದ ಬಿರುಸಿನ ಸ್ವಭಾವದ್ದು, ಹಾಲು ಅಲ್ಪ.

3. ಗೊಂದಲ ಬೇಡ: ಹಳ್ಳಿಕಾರ್ ಇದರ ಮೂಲ ತಳಿಗಳಲ್ಲೊಂದು, ಮಲೆನಾಡು ಗಿಡ್ಡ ಬೇರೆಯೇ ಆದ ಕುಳ್ಳ ತಳಿ. ‘ಕಾವಲು’ ಎಂದರೆ ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲು. ಈ ತಳಿಯ ಸಂವರ್ಧನಾ ಕೇಂದ್ರವಿರುವುದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ.

4. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ದೀಪಾವಳಿಯ ನಂತರ ನಡೆಯುವ ಹೋರಿ ಹಬ್ಬದಲ್ಲಿ, ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿದ ಅಮೃತಮಹಲ್‌ನಂಥ ತಳಿಯ ಹೋರಿಯನ್ನು ಓಡಿಸಲಾಗುತ್ತದೆ. ಯುವಕರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ.

5. ಹೋರಿ, ಎತ್ತುಗಳ ಇಂಥ ಆಟಗಳ ಕಾನೂನು ಹಿನ್ನೆಲೆ ಹೀಗಿದೆ: 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತ್ತು. ಕಂಬಳ ಹಾಗೂ ಎತ್ತಿನ ಗಾಡಿ ಓಟಕ್ಕೆ ಅವಕಾಶವಿತ್ತ ಕರ್ನಾಟಕದ ಕಾನೂನು ತಿದ್ದುಪಡಿಯನ್ನು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.